ಆರು ಅಡಿ ಮುಕ್ಕಾಲು ಅಂಗುಲ

ಹಾರ್ಲೋ ಫಾಲ್ಸ್, ನ್ಯೂ ಹ್ಯಾಂಪ್‌ಷೈರ್
೪ ಸೆಪ್ಟೆಂಬರ್ ೧೮೪೩

ಶ್ರೀ ಅಬಿಯೆಲ್ ಟ್ರಿಪ್,
ಎರಕದ ಅಚ್ಚು ಮಾಡುವವರು, ಪ್ರಾವಿಡೆನ್ಸ್

ಮಾನ್ಯರೆ,

ನಮ್ಮ ಗಿರಣಿಯ ದೊಡ್ಡ ಹಲ್ಲುಚಕ್ರ ಕಳೆದ ಗುರುವಾರ ಬೆಳಿಗ್ಗೆ ಎರಡು ಹೋಳಾಯಿತು. ಹೊಳೆಯ ಬಲವನ್ನು ಮೇಲಿನ ಮಹಡಿಗೆ ದಾಟಿಸುವ ಚಕ್ರ ಅದೊಂದೇ. ಹೊರಗೆ ನೀರುಚಕ್ರ ತನ್ನ ಪಾಡಿಗೆ ತಿರುಗುತ್ತಿದೆ, ಒಳಗೆ ತೊಂಬತ್ತು ಮಗ್ಗಗಳು ನಿಂತಿವೆ.

ಹೊಸ ಚಕ್ರದ ನಕ್ಷೆಯನ್ನು ಇದರ ಜೊತೆ ಇಟ್ಟಿದ್ದೇನೆ. ಎಂದಿನಂತೆ ಮರದ ಅಚ್ಚು ನಿಮ್ಮದು, ಎರಕ ನಿಮ್ಮ ಪಕ್ಕದ ಎರಕದ ಮನೆಯದು. ಹನ್ನೊಂದು ವರ್ಷಗಳಲ್ಲಿ ನೀವು ಮಾಡಿಸಿಕೊಟ್ಟ ಒಂದು ತುಂಡೂ ಇಲ್ಲಿಂದ ಮರಳಿ ಹೋಗಿಲ್ಲ, ಆದ್ದರಿಂದ ಹೆಚ್ಚು ವಿವರಿಸುವುದಿಲ್ಲ. ನಕ್ಷೆಯಲ್ಲಿರುವ ಅಳತೆಯನ್ನು ಚಾಚೂ ತಪ್ಪದೆ ಪಾಲಿಸಿದರೆ ಸಾಕು.

ನವೆಂಬರ್ ಹದಿನೈದರೊಳಗೆ ಮಗ್ಗಗಳು ನಡೆಯದಿದ್ದರೆ ಮೇಲ್ವಿಚಾರಣೆಗೆ ಬೇರೆಯವರನ್ನು ಕಳಿಸುವುದಾಗಿ ಬಾಸ್ಟನ್ನಿನ ಯಜಮಾನರು ಬರೆದಿದ್ದಾರೆ. ಅವರ ಪತ್ರಗಳು ಸಾಮಾನ್ಯವಾಗಿ ಉದ್ದ, ಇದು ಮೂರೇ ಸಾಲು. ನಾನಿರುವ ಮನೆ ಗಿರಣಿಯದು ಎಂಬುದು ನಿಮಗೆ ಗೊತ್ತು. ಡಿಸೆಂಬರಿನಲ್ಲಿ ಹೊಳೆ ಹೆಪ್ಪುಗಟ್ಟಿದರೆ ಆಮೇಲೆ ಚಕ್ರ ಬಂದರೂ ಒಂದೇ, ಬಾರದಿದ್ದರೂ ಒಂದೇ.

ತಮ್ಮ ವಿಶ್ವಾಸಿ,
ಜೋಥಮ್ ಕಿಂಬಲ್
ಮೇಲ್ವಿಚಾರಕ

*

ಪ್ರಾವಿಡೆನ್ಸ್, ರೋಡ್ ಐಲೆಂಡ್
೧೨ ಸೆಪ್ಟೆಂಬರ್ ೧೮೪೩

ಮಾನ್ಯರೆ,

ಈ ತಿಂಗಳ ನಾಲ್ಕರ ತಮ್ಮ ಪತ್ರ ಮತ್ತು ನಕ್ಷೆ ತಲುಪಿದವು. ಒಣಗಿದ ಪೈನ್ ಹಲಗೆ ಕೈಯಲ್ಲಿದೆ, ಅಚ್ಚಿನ ಕೆಲಸ ಇಂದೇ ಆರಂಭವಾಗಿದೆ. ಕಬ್ಬಿಣ ತಣಿಯುವಾಗ ಕುಗ್ಗುವುದರಿಂದ ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡುವ ಜವಾಬ್ದಾರಿ ಎಂದಿನಂತೆ ನಮ್ಮದು. ತಾವು ಆ ಬಗ್ಗೆ ಯೋಚಿಸಬೇಕಾಗಿಲ್ಲ. ಅಕ್ಟೋಬರ್ ನಡುವಿನ ಹೊತ್ತಿಗೆ ಚಕ್ರ ಇಲ್ಲಿಂದ ಹೊರಡುತ್ತದೆ.

ತಮ್ಮ ವಿಶ್ವಾಸಿ,
ಅಬಿಯೆಲ್ ಟ್ರಿಪ್

*

ಹಾರ್ಲೋ ಫಾಲ್ಸ್
೨ ಅಕ್ಟೋಬರ್ ೧೮೪೩

ಮಾನ್ಯರೆ,

ಕಳೆದ ತಿಂಗಳ ಹನ್ನೆರಡರಿಂದ ನಿಮ್ಮಿಂದ ಒಂದು ಸಾಲೂ ಇಲ್ಲ. ಅಚ್ಚು ಮುಗಿಯಿತೇ? ಎರಕ ಹೊಯ್ಯುವ ಮರಳಿನಲ್ಲಿ ಕೂತಿತೇ?

ನಮ್ಮ ಮಗ್ಗದ ಹುಡುಗಿಯರಲ್ಲಿ ಅರ್ಧ ಜನ ಅಪ್ಪಂದಿರ ಹೊಲಗಳಿಗೆ ಹೊರಟುಹೋದರು. ಉಳಿದವರು ವಸತಿಮನೆಯ ಮೆಟ್ಟಿಲ ಮೇಲೆ ಕೂತು ಕಾಲುಚೀಲ ಹೆಣೆಯುತ್ತಾರೆ. ಮೊದಲು ನಾನು ಹಾದುಹೋದರೆ ಮಾತು ನಿಲ್ಲುತ್ತಿತ್ತು, ಈಗ ಜೋರಾಗುತ್ತದೆ.

"ಕಿಂಬಲ್ ಅವ್ರೇ, ಬೆಳಿಗ್ಗೆ ಐದಕ್ಕೆ ಗಂಟೆ ಯಾರಿಗೆ ಹೊಡೆಸ್ತೀರಿ?"

"ಮೀನುಗಳಿಗೆ ಕಣೇ. ಅವಕ್ಕೂ ಕೆಲಸಕ್ಕೆ ತಡ ಆಗ್ಬಾರ್ದಲ್ಲ."

ಗಂಟೆ ಹೊಡೆಸುವುದು ನಿಯಮ. ನಿಯಮವನ್ನು ನಿಲ್ಲಿಸುವ ಅಧಿಕಾರ ನನಗಿಲ್ಲ. ಇದನ್ನು ಅವರಿಗೆ ಹೇಳಲು ಹೋಗಿ ಇನ್ನಷ್ಟು ನಗೆಪಾಟಲಾದೆ.

ನಿಮ್ಮ ಕೈಬರಹ ಇತ್ತೀಚೆಗೆ ಬಹಳ ಅಂದವಾಗಿದೆ. ಗುಮಾಸ್ತರನ್ನು ಇಟ್ಟುಕೊಂಡಿರಾ?

ತಮ್ಮ ವಿಶ್ವಾಸಿ,
ಜೋಥಮ್ ಕಿಂಬಲ್

*

ಪ್ರಾವಿಡೆನ್ಸ್
೧೬ ಅಕ್ಟೋಬರ್ ೧೮೪೩

ಮಾನ್ಯರೆ,

ಚಕ್ರ ಇಂದು ಬೆಳಿಗ್ಗೆ ಕಾಲುವೆಯ ದೋಣಿ ಹತ್ತಿತು. ವೂಸ್ಟರ್‌ನಿಂದ ಎತ್ತಿನ ಗಾಡಿಯಲ್ಲಿ ಬರುತ್ತದೆ. ಎರಕದಲ್ಲಿ ಎಲ್ಲೂ ಗುಳ್ಳೆ ಇಲ್ಲ. ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಲಾಗಿದೆ. ತಮ್ಮ ಇನ್ನುಳಿದ ಪ್ರಶ್ನೆಗೆ ಉತ್ತರಿಸಬೇಕಾದದ್ದು ಏನೂ ಇಲ್ಲ.

ತಮ್ಮ ವಿಶ್ವಾಸಿ,
ಅಬಿಯೆಲ್ ಟ್ರಿಪ್

*

ಹಾರ್ಲೋ ಫಾಲ್ಸ್
೨೬ ಅಕ್ಟೋಬರ್ ೧೮೪೩

ಮಾನ್ಯರೆ,

ನಿಮ್ಮ ಚಕ್ರ ಕೂರುವುದಿಲ್ಲ.

ನಿನ್ನೆ ಎಂಟು ಜನ ಸರಪಳಿ ಹಾಕಿ ಎತ್ತಿದರು. ಇರುಸಿಗೆ ಸೇರಿತು. ಪಕ್ಕದ ಮರಿಚಕ್ರಕ್ಕೆ ಹೊಂದಿಸಲು ಹೋದಾಗ ಹಲ್ಲು ಹಲ್ಲಿನ ಸಂದಿಗೆ ಇಳಿಯಲಿಲ್ಲ, ಹಲ್ಲಿನ ತಲೆಯ ಮೇಲೆ ಕೂತಿತು. ತಿರುಗಿಸಿ ಇನ್ನೊಂದು ಕಡೆ ನೋಡಿದೆವು. ಅಲ್ಲೂ ಹಾಗೇ. ಚಕ್ರ ದೊಡ್ಡದಾಗಿದೆ.

ಚಕ್ರ ತಂದ ಗಾಡಿಯ ಓಬೆಡ್ ಫಿಫೀಲ್ಡ್ ಬಾಗಿಲಿಗೆ ಒರಗಿ ಪೈಪು ಸೇದುತ್ತಾ ನೋಡುತ್ತಿದ್ದ. "ಯಜಮಾನ್ರೇ, ನೀವು ಕೇಳಿದ್ದು ಚಕ್ರ. ಅವ್ರು ಕಳಿಸಿರೋದು ಅದರ ಅಣ್ಣನ್ನ" ಎಂದ. ಎಂಟು ಜನರೂ ಸರಪಳಿ ಬಿಟ್ಟು ನಕ್ಕರು. ನಾನು ಗದರಿಸಿದೆ.

"ಯಾಕೆ ಸಿಟ್ಟು? ಗೋಡೆ ಒಡೆದು ಮರಿಚಕ್ರಾನೇ ಆಚೆ ಸರಿಸ್ಬಿಡಿ. ಗೋಡೆ ನಿಮ್ದಲ್ವಲ್ಲ, ಬಾಸ್ಟನ್ನೋರ್ದು."

ಎಷ್ಟು ದೊಡ್ಡದಾಗಿದೆ ಎಂಬುದು ಇಲ್ಲಿ ಮುಖ್ಯವಲ್ಲ. ಕೂರುವುದಿಲ್ಲ ಎಂಬುದು ಮುಖ್ಯ. ಇನ್ನು ಇಪ್ಪತ್ತು ದಿನ ಉಳಿದಿವೆ. ಏನಾಯಿತು ಎಂದು ದಯವಿಟ್ಟು ಮರುಟಪಾಲಿನಲ್ಲೇ ತಿಳಿಸಿ.

ಜೋಥಮ್ ಕಿಂಬಲ್

*

ಪ್ರಾವಿಡೆನ್ಸ್
೩೦ ಅಕ್ಟೋಬರ್ ೧೮೪೩

ಮಾನ್ಯರೆ,

ಇಪ್ಪತ್ತಾರರ ಪತ್ರ ತಲುಪಿತು. ತಮ್ಮ ನಕ್ಷೆ ಇಲ್ಲಿ ಗೋಡೆಯ ಮೇಲೆಯೇ ಇದೆ. ಅದರಲ್ಲಿ ಚಕ್ರದ ಅಡ್ಡಳತೆ ಆರು ಅಡಿ ಮುಕ್ಕಾಲು ಅಂಗುಲ ಎಂದು ತಮ್ಮದೇ ಅಕ್ಷರದಲ್ಲಿದೆ. ಚಕ್ರ ತಣಿದ ಮೇಲೆ, ದೋಣಿಗೆ ಏರಿಸುವ ಮೊದಲು, ಇಬ್ಬರು ಸಾಕ್ಷಿಗಳ ಎದುರು ಅಳೆದಿದ್ದೇವೆ. ಆರು ಅಡಿ ಮುಕ್ಕಾಲು ಅಂಗುಲ. ತಾವೂ ಅಳೆದು ನೋಡಬಹುದು.

ಕೇಳಿದ್ದನ್ನೇ ಕೊಟ್ಟಿದ್ದೇವೆ ಎಂದು ಗೌರವಪೂರ್ವಕವಾಗಿ ತಿಳಿಸುತ್ತೇವೆ.

ಅಬಿಯೆಲ್ ಟ್ರಿಪ್

*

ಹಾರ್ಲೋ ಫಾಲ್ಸ್
೩ ನವೆಂಬರ್ ೧೮೪೩

ಟ್ರಿಪ್ ಅವರಿಗೆ,

ನಾನು ಅಳೆದಿದ್ದೇನೆ. ಅಳೆಯಲು ಬರುತ್ತದೆ ನನಗೆ.

ಹನ್ನೊಂದು ವರ್ಷ ಇದೇ ಬಗೆಯ ನಕ್ಷೆ ಕಳಿಸಿದ್ದೇನೆ, ಹನ್ನೊಂದು ವರ್ಷವೂ ತುಂಡುಗಳು ಬಂದು ತಮ್ಮ ಜಾಗದಲ್ಲಿ ಕೂತಿವೆ. ನಕ್ಷೆ ಬರೆಯುವವನು ಬದಲಾಗಿಲ್ಲ. ಹಾಗಾದರೆ ಬದಲಾದದ್ದು ಯಾವುದು? ನಿಮ್ಮಲ್ಲಿ ಏನೋ ಆಗಿದೆ. ಏನೆಂದು ನೀವು ಹೇಳುತ್ತಿಲ್ಲ. ಬರುವ ಪತ್ರ ನಿಮ್ಮ ಕೈಯದಲ್ಲ, ಅದರಲ್ಲಿರುವ ಮಾತೂ ನಿಮ್ಮದಲ್ಲ. ನನಗೆ ಗೊತ್ತಿದ್ದ ಅಬಿಯೆಲ್ ಟ್ರಿಪ್ ಸಾಕ್ಷಿಗಳನ್ನು ನಿಲ್ಲಿಸಿಕೊಂಡು ಚಕ್ರ ಅಳೆಯುವವನಲ್ಲ.

ಹೊಸದಾಗಿ ನಕ್ಷೆ ಬರೆದು ಕಳಿಸುತ್ತಿದ್ದೇನೆ. ಹಳೆಯದನ್ನು ಹರಿದುಹಾಕಿ. ಇದರಲ್ಲಿರುವ ಅಳತೆಯನ್ನು ಮಾತ್ರ ನೋಡಿ. ಹದಿನೈದಕ್ಕೆ ಆಗುವುದಿಲ್ಲ ಎಂದು ನನಗೂ ಗೊತ್ತು. ಆದರೂ ಯಜಮಾನರಿಗೆ ತೋರಿಸಲು ದಾರಿಯಲ್ಲೊಂದು ಚಕ್ರ ಇರಬೇಕು.

ಜೋಥಮ್ ಕಿಂಬಲ್

*

ಪ್ರಾವಿಡೆನ್ಸ್
೮ ನವೆಂಬರ್ ೧೮೪೩

ಕಿಂಬಲ್ ಅವರಿಗೆ,

ಈ ಪತ್ರವನ್ನು ನಾನು ನನ್ನ ಹೆಸರಿನಲ್ಲಿ ಬರೆಯುತ್ತಿದ್ದೇನೆ. ಹಿಂದಿನವನ್ನೂ ಬರೆದದ್ದು ನಾನೇ, ಅಬಿಯೆಲ್ ಟ್ರಿಪ್ ಅವರ ಮಗಳು. ಅಪ್ಪನ ಕಣ್ಣು ಎರಡು ವರ್ಷಗಳಿಂದ ಮಂಜಾಗುತ್ತ ಬಂದು ಈ ಬೇಸಿಗೆಯಲ್ಲಿ ಪೂರ್ತಿ ಹೋಯಿತು. ಆಗಸ್ಟಿನಲ್ಲಿ ವೈದ್ಯರು ಸೂಜಿ ಹಾಕಿ ಕಣ್ಣಿನ ಪೊರೆ ಸರಿಸಲು ನೋಡಿದರು, ಉಪಯೋಗವಾಗಲಿಲ್ಲ. ಎರಕದ ಮನೆಯವರಿಗೆ ತಿಳಿದರೆ ಕೆಲಸ ಬೇರೆಯವರಿಗೆ ಹೋಗುತ್ತದೆ, ಅದಕ್ಕೇ ಯಾರಿಗೂ ಹೇಳಿಲ್ಲ. ನಿಮ್ಮ ಚಕ್ರದ ಅಚ್ಚು ಮಾಡಿದವಳೂ ನಾನೇ. ಹದಿನಾಲ್ಕು ವರ್ಷಗಳಿಂದ ಅಪ್ಪನ ಪಕ್ಕದಲ್ಲಿ ನಿಂತು ಮಾಡುತ್ತಿದ್ದೇನೆ.

ನಮ್ಮಲ್ಲಿ ಎರಡು ಅಳತೆಗೋಲುಗಳಿವೆ. ಒಂದು ಸಾದಾ ಗೋಲು, ಎಲ್ಲರ ಮನೆಯಲ್ಲಿರುವಂಥದ್ದು. ಇನ್ನೊಂದು ಕುಗ್ಗಿನ ಗೋಲು, ಅಡಿಗೆ ಅಂಗುಲದ ಎಂಟನೇ ಒಂದು ಪಾಲು ಹೆಚ್ಚು ಉದ್ದ. ಎರಕ ತಣಿಯುವಾಗ ಅಷ್ಟೇ ಕುಗ್ಗುತ್ತದೆ. ಅಚ್ಚನ್ನು ಯಾವಾಗಲೂ ಈ ಎರಡನೆಯದರಿಂದ ಅಳೆಯಬೇಕು. ಇದು ನಿಮಗೆ ತಿಳಿಯದ ಸಂಗತಿಯಲ್ಲ, ಅಪ್ಪನ ಜೊತೆ ಪಾಟಕೆಟ್‌ನಲ್ಲಿ ನೀವೂ ಕಲಿತವರು. ನಿಮ್ಮ ಚಕ್ರವನ್ನು ನಾನು ಕುಗ್ಗಿನ ಗೋಲಿನಿಂದಲೇ ಅಳೆದೆ.

ನಿನ್ನೆ ಹೊಸ ನಕ್ಷೆಯನ್ನು ಅಪ್ಪನಿಗೆ ಓದಿ ಹೇಳಿದೆ. "ಆರು ಅಡಿ" ಎಂದಾಗ ತಲೆ ಎತ್ತಿದರು.

"ಇನ್ನೊಂದ್ಸಲ ಓದು."

"ಆರು ಅಡಿ. ಅಷ್ಟೇ."

"ಮುಕ್ಕಾಲು ಎಲ್ಲಿ ಹೋಯ್ತು?"

"ನಂಗೇನ್ ಗೊತ್ತಪ್ಪ? ನಿನ್ನ ಸ್ನೇಹಿತ್ರು. ನೀನೇ ಹೇಳ್ಬೇಕು."

ಅವರು ಕೆಲಸದ ಬೆಂಚಿನ ಅಂಚನ್ನು ಸವರುತ್ತ ಕೂತರು. ಆಮೇಲೆ, "ಸಾದಾ ಗೋಲು ತಗೊ" ಎಂದರು.

"ಸಾದಾ ಗೋಲಲ್ಲಿ ಯಾರಾದ್ರೂ ಅಚ್ಚು ಅಳೀತಾರಾ? ಬೆರಳಿಗೆ ಹೊಡೆದು ಹೊಡೆದು ಕಲಿಸ್ದೋನು ನೀನೇ ಅಲ್ವ?"

"ಅವನ ಕೆಲಸಕ್ಕೆ ಸಾದಾ ಗೋಲೇ."

"ಯಾಕೆ?"

"ತಗೊ ಅಂದ್ನಲ್ಲ, ತಗೊ. ಕಣ್ಣು ಹೋಗಿದ್ದು ನಂದು, ಕಿವಿ ಹೋಗಿದ್ದು ನಿಂದಾ?"

ಊಟಕ್ಕೂ ಬರಲಿಲ್ಲ. ಬೇಯಿಸಿದ ಕಾಳು ಮತ್ತು ಕಂದು ರೊಟ್ಟಿಯನ್ನು ಬೆಂಚಿನ ಮೇಲಿಟ್ಟು ನಾನು ಅಟ್ಟಕ್ಕೆ ಹೋದೆ. ನಿಮ್ಮ ಗಿರಣಿಗೆ ಮಾಡಿದ ಹಳೆಯ ಅಚ್ಚುಗಳೆಲ್ಲ ಅಲ್ಲಿ ತೂಗುತ್ತಿವೆ. ಒಂಬತ್ತನ್ನು ಇಳಿಸಿ, ಅವುಗಳ ನಕ್ಷೆಗಳ ಜೊತೆ ಇಟ್ಟು ಅಳೆದೆ. ಒಂಬತ್ತೂ ಸಾದಾ ಗೋಲಿನವು. ಬೇರೆ ಯಾವ ಗಿರಣಿಯ ಅಚ್ಚೂ ಹಾಗಿಲ್ಲ. ನಿಮ್ಮವು ಮಾತ್ರ.

ಅಂದರೆ ಕುಗ್ಗಿಗೆ ಬೇಕಾದ ಹೆಚ್ಚಳವನ್ನು ನೀವು ನಕ್ಷೆಯಲ್ಲೇ ಸೇರಿಸಿ ಕಳಿಸುತ್ತಿದ್ದಿರಿ. ಅಪ್ಪ ಅದನ್ನು ಕಂಡುಹಿಡಿದು, ತಾವು ಸೇರಿಸುವುದನ್ನು ಬಿಟ್ಟಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಹನ್ನೊಂದು ವರ್ಷ ಚಕ್ರಗಳು ಸರಿಬಂದದ್ದು ಹೀಗೆ. ನನಗೆ ಯಾರೂ ಹೇಳಿರಲಿಲ್ಲ, ಆದ್ದರಿಂದ ನಾನು ಸರಿಯಾಗಿ ಮಾಡಿದೆ ಮತ್ತು ಚಕ್ರ ಕೆಟ್ಟಿತು.

ಈಗ ನಿಮ್ಮ ಹೊಸ ನಕ್ಷೆಯ ಆರು ಅಡಿ ಯಾವ ಆರು ಅಡಿ? ಸೇರಿಸಿದ ಮೇಲಿನದೋ, ಸೇರಿಸುವ ಮೊದಲಿನದೋ? ಚಕ್ರ ದೊಡ್ಡದಾಗಿದೆ ಎಂದು ಬರೆದಿರಿ, ಎಷ್ಟು ದೊಡ್ಡದು ಎಂದು ಎರಡು ಪತ್ರಗಳಲ್ಲೂ ಬರೆದಿಲ್ಲ. ನೀವು ಈ ಸಲ ಸೇರಿಸದೆ ಕಳಿಸಿ, ನಾನು ಅಪ್ಪನ ಮಾತು ಕೇಳಿ ಸಾದಾ ಗೋಲು ಹಿಡಿದರೆ ಚಕ್ರ ಚಿಕ್ಕದಾಗುತ್ತದೆ. ಆಗ ನಿಮ್ಮ ಮನೆ ಹೋಗುತ್ತದೆ, ನಮ್ಮ ಬೆಂಚೂ ಹೋಗುತ್ತದೆ.

ನನಗೆ ಒಂದೇ ಉತ್ತರ ಬೇಕು. ಚಕ್ರ ತಣ್ಣಗಾಗಿ ತನ್ನ ಜಾಗದಲ್ಲಿ ಕೂತಾಗ ಎಷ್ಟಿರಬೇಕು? ಅದು ಬರುವ ತನಕ ಅಂಚಿಗೂ ಹಲ್ಲಿಗೂ ನಾನು ಕೈಹಾಕುವುದಿಲ್ಲ.

ಮೆಹಿಟಬೆಲ್ ಟ್ರಿಪ್

*

ಹಾರ್ಲೋ ಫಾಲ್ಸ್
೧೨ ನವೆಂಬರ್ ೧೮೪೩

ಮೆಹಿಟಬೆಲ್,

ತಣ್ಣಗಾದ ಮೇಲೆ ಆರು ಅಡಿ. ನಿನ್ನ ಕುಗ್ಗಿನ ಗೋಲಿನಿಂದಲೇ ಅಳೆ.

ನೀನು ಕಂಡುಹಿಡಿದದ್ದು ನಿಜ. ನಾನು ಸೇರಿಸಿಯೇ ಕಳಿಸುತ್ತಿದ್ದೆ. ಕಾರಣ ಹೇಳದೆ ಬಿಟ್ಟರೆ ಇನ್ನೂ ಕೆಟ್ಟದ್ದೆನಿಸೀತು.

೧೮೧೪ರಲ್ಲಿ ನಾನು ಮತ್ತು ನಿನ್ನ ಅಪ್ಪ ಪಾಟಕೆಟ್‌ನಲ್ಲಿ ಮುದುಕ ವಾರ್ಡ್‌ವೆಲ್ ಬಳಿ ಕೆಲಸ ಕಲಿಯುತ್ತಿದ್ದೆವು. ಅವಧಿ ಮುಗಿಯಲು ಒಂದು ತಿಂಗಳಿತ್ತು. ನಿನ್ನ ಅಪ್ಪ ಮಾಡಿದ ಅಚ್ಚೊಂದರಿಂದ ಬಂದ ಎರಕ ಚಿಕ್ಕದಾಯಿತು. ಕುಗ್ಗಿನ ಗೋಲಿನ ಬದಲು ಸಾದಾ ಗೋಲು ಹಿಡಿದು ಅಳೆದಿದ್ದ. ಮುದುಕ ಎಲ್ಲರೆದುರು ಬೆಲ್ಟಿನಿಂದ ಹೊಡೆದ. ಒಂದು ವರ್ಷ ಹೆಚ್ಚು ದುಡಿಯಬೇಕೆಂದ. ನಾನು ಬಿಡುಗಡೆಯಾಗಿ ಹೊರಬಂದೆ, ಗಿರಣಿಗೆ ಸೇರಿದೆ. ಮತ್ತೆ ಅಚ್ಚಿನ ಕೆಲಸಕ್ಕೆ ಕೈಹಾಕಲಿಲ್ಲ.

ಹನ್ನೊಂದು ವರ್ಷದ ಹಿಂದೆ ನನ್ನ ಕೈಗೆ ಕೆಲಸ ಕೊಡುವ ಅಧಿಕಾರ ಬಂದಾಗ ಮೊದಲ ಕೆಲಸವನ್ನು ಅವನಿಗೆ ಕಳಿಸಿದೆ. ಹಳೆಯ ಮರೆವು ಮತ್ತೆ ಬಂದರೆ ಎಂದು ಅಳತೆಯನ್ನು ನಾನೇ ಹಿಗ್ಗಿಸಿದೆ. ತುಂಡು ಸರಿಬಂತು. ಸರಿಬಂದದ್ದರಿಂದಲೇ ಅವನು ಈಗಲೂ ಮರೆಯುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಅವನಿಗೆ ಅವಮಾನವಾಗದಂತೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ವರ್ಷಕ್ಕೆ ಒಂದೆರಡು ಸಲ, ನಕ್ಷೆಯಲ್ಲಿ ಅಳತೆ ಬರೆಯುವ ಹೊತ್ತಿಗೆ, ನಾನು ಒಳ್ಳೆಯವನು ಅನಿಸುತ್ತಿತ್ತು. ಅದೂ ಇತ್ತು.

ಇದನ್ನು ಅವನಿಗೆ ಓದಿ ಹೇಳಬೇಡ. ನಿನ್ನನ್ನು ಕೊನೆಯ ಸಲ ನೋಡಿದಾಗ ನಿನಗೆ ಮೂರು ವರ್ಷ, ಇಷ್ಟು ಕೇಳುವ ಸಲಿಗೆ ಇದೆ ಎಂದುಕೊಳ್ಳುತ್ತೇನೆ.

ಜೋಥಮ್ ಕಿಂಬಲ್

*

ಪ್ರಾವಿಡೆನ್ಸ್
೨೪ ನವೆಂಬರ್ ೧೮೪೩

ಜೋಥಮ್,

ಸಾಲು ಸಾಲಿನ ಮೇಲೆ ಹತ್ತಿದ್ದರೆ ಬಿಡಿಸಿಕೊಂಡು ಓದು. ಕಾಗದದ ಮೇಲೆ ಹಲಗೆಪಟ್ಟಿ ಇಟ್ಟು, ಅದರ ಅಂಚು ಹಿಡಿದು ಬರೆಯುತ್ತಿದ್ದೇನೆ. ಮೆಹಿಟಬೆಲ್‌ಗೆ ಹೇಳಿ ಬರೆಸುವ ಪತ್ರವಲ್ಲ ಇದು.

ಅವಳು ನಿನ್ನ ಪತ್ರ ಓದಿ ಹೇಳಲಿಲ್ಲ. ನಾನು ಕೇಳಿದೆ. "ಅಂಗಡಿಯೋನ ಪತ್ರ ಅಪ್ಪ" ಎಂದಳು. ಸುಳ್ಳು ಹೇಳುವಾಗ ಅವಳ ಅಮ್ಮನ ಹಾಗೇ ಪಿಸುಗುಟ್ಟುತ್ತಾಳೆ. "ಅಂಗಡಿಯೋನು ನಾಲ್ಕು ಹಾಳೆ ಬರೀತಾನಾ? ಓದು" ಎಂದೆ. ಓದಿದಳು.

ಚಕ್ರ ಮೊನ್ನೆ ಎರಕವಾಯಿತು, ನಿನ್ನೆ ಹೊರಟಿತು. ಮೊದಲಿನ ಅಚ್ಚಿನ ನಡುವಿನ ಕಡ್ಡಿಗಳನ್ನೇ ತೆಗೆದುಕೊಂಡು, ಅಂಚು ಮತ್ತು ಹಲ್ಲುಗಳನ್ನು ಆರು ದಿನದಲ್ಲಿ ಮುಗಿಸಿದಳು. ಮುಟ್ಟಿ ನೋಡಿದೆ. ನಾನು ಮಾಡುತ್ತಿದ್ದುದಕ್ಕಿಂತ ಚೆನ್ನಾಗಿದೆ. ಎರಕದ ಮನೆಯವರಿಗೆ ಕಣ್ಣಿನ ವಿಷಯ ಹೇಳಿಬಿಟ್ಟಳು. ಅವರಿಗೆ ಕಳೆದ ವರ್ಷವೇ ಗೊತ್ತಿತ್ತಂತೆ.

ಹನ್ನೊಂದು ವರ್ಷದ ಹಿಂದೆ ನೀನು ಕಳಿಸಿದ ಮೊದಲ ನಕ್ಷೆಯ ಜೊತೆ ಒಡೆದ ತುಂಡೂ ಬಂದಿತ್ತು, ನೆನಪಿದೆಯೇ? ಎರಡನ್ನೂ ಅಳೆದೆ. ಹೊಂದಲಿಲ್ಲ, ನಕ್ಷೆಯದು ಸರಿಯಾಗಿ ಕುಗ್ಗಿನಷ್ಟೇ ದೊಡ್ಡದು. ಯಾಕೆಂದು ಯೋಚಿಸಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಆ ದಿನ ನಿನ್ನ ನಕ್ಷೆಯನ್ನು ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಆಮೇಲೆ ಸಾದಾ ಗೋಲು ಇಳಿಸಿದೆ. ಈ ಸೆಪ್ಟೆಂಬರಿನಲ್ಲಿ ಅವಳು ಅಳತೆ ಓದಿದಾಗಲೂ ಹೇಳಬಹುದಿತ್ತು. ಹೇಳಿದರೆ, ಅಪ್ಪನ ಸ್ನೇಹಿತ ಅಪ್ಪನನ್ನು ಎಂಥವನೆಂದು ತಿಳಿದಿದ್ದಾನೆ ಎಂಬುದನ್ನೂ ಮಗಳಿಗೆ ಹೇಳಬೇಕಾಗುತ್ತಿತ್ತು.

ನಿನ್ನನ್ನೇ ಕೇಳಲಿಲ್ಲ ಯಾಕೆ ಅಂತೀಯಾ? ಕೇಳಿದ್ದರೆ ನೀನು ಪಾಟಕೆಟ್ ಅನ್ನುತ್ತಿದ್ದೆ. ಆಗ ನಾನು ಪಾಟಕೆಟ್‌ನದ್ದು ಹೇಳಬೇಕಾಗುತ್ತಿತ್ತು. ಈಗ ಹೇಳುತ್ತೇನೆ, ಒಂದೇ ಸಲ.

ಅಂದು ಮಧ್ಯಾಹ್ನ ಮುದುಕನಿಗೆ ಕುಡಿಯಲು ಸೇಬಿನ ಸೈಡರ್ ತರಲು ಹೋಗುವಾಗ ನನ್ನ ಕುಗ್ಗಿನ ಗೋಲು ಬೆಂಚಿನ ಮೇಲಿತ್ತು. ಬಂದಾಗ ಅಲ್ಲಿದ್ದದ್ದು ಸಾದಾ ಗೋಲು, ಅದೇ ಮರ, ಅದೇ ಬಣ್ಣ. ನೋಡದೆ ಅಳೆದೆ. ನನ್ನ ಗೋಲು ನಿನ್ನ ಬೆಂಚಿನ ಮೇಲಿರುವುದನ್ನು ಕಂಡದ್ದು ಏಟು ತಿನ್ನುವಾಗ. ನೀನು ಅದನ್ನು ನಿನ್ನ ಕೆಲಸಕ್ಕೆ ಎತ್ತಿಕೊಂಡು, ನಿನ್ನ ಸಾದಾ ಗೋಲನ್ನು ಅಲ್ಲಿಟ್ಟಿದ್ದೆ. ಬೇಕೆಂದು ಮಾಡಿದ್ದಲ್ಲ, ಗೊತ್ತು. ನಾನು ಹೇಳಿದ್ದರೆ ಆ ಹೆಚ್ಚಿನ ಒಂದು ವರ್ಷ ನಿನ್ನ ತಲೆಗೆ ಬೀಳುತ್ತಿತ್ತು. ನಿನ್ನ ಅಮ್ಮ ಆಗ ಹಾಸಿಗೆ ಹಿಡಿದಿದ್ದರು.

ಉತ್ತರ ಬರೆಯಬೇಕೆಂದಿಲ್ಲ.

ಅಬಿಯೆಲ್

*

ಹಾರ್ಲೋ ಫಾಲ್ಸ್
೧೨ ಡಿಸೆಂಬರ್ ೧೮೪೩

ಅಬಿಯೆಲ್,

ಚಕ್ರ ಒಂದನೇ ತಾರೀಖು ಬಂತು. ಹಲ್ಲು ಸಂದಿಗೆ ಇಳಿದಾಗ ಸದ್ದೇ ಆಗಲಿಲ್ಲ. ಓಬೆಡ್ ಫಿಫೀಲ್ಡ್ ಸಹ ಪೈಪು ಬಾಯಿಂದ ತೆಗೆದ. "ಇದು ತಮ್ಮ" ಎಂದ. ಆರು ದಿನ ಮಗ್ಗಗಳು ನಡೆದವು. ಏಳನೇ ದಿನ ಹೊಳೆ ಹೆಪ್ಪುಗಟ್ಟಿತು.

ಬಾಸ್ಟನ್ನಿನವರು ಕಳಿಸಿದ ಮನುಷ್ಯ ನವೆಂಬರ್ ಹದಿನೆಂಟಕ್ಕೇ ಬಂದಿದ್ದ. ಚಕ್ರ ಕೂರಿಸುವ ತನಕ ಇರಿ ಎಂದು ನನಗೆ ಹೇಳಿದ. ಇದ್ದೆ. ಸಭ್ಯ ಮನುಷ್ಯ. ಮುಂದಿನ ಎರಕದ ಅಚ್ಚುಗಳನ್ನು ಯಾರಿಂದ ಮಾಡಿಸಬೇಕು ಎಂದು ಕೇಳಿದ. ಮೆಹಿಟಬೆಲ್ ಟ್ರಿಪ್, ಪ್ರಾವಿಡೆನ್ಸ್ ಎಂದು ಬರೆದುಕೊಟ್ಟೆ. ಹೆಂಗಸಾ ಎಂದ. ಅಳೆದು ನೋಡಿ ಎಂದೆ.

ನಿನಗೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಕ್ಷಮೆ ಕೇಳಬೇಕೆಂದು ಕೂತರೆ ಸಿಟ್ಟು ಬರುತ್ತದೆ. ಇಪ್ಪತ್ತೊಂಬತ್ತು ವರ್ಷ, ಅಬಿಯೆಲ್. ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನು ನಿನ್ನನ್ನು ಕ್ಷಮಿಸುತ್ತ ಕೂತಿದ್ದೆ, ನೀನು ನನ್ನ ಕ್ಷಮೆ ತೆಗೆದುಕೊಳ್ಳುತ್ತ ಕೂತಿದ್ದೆ. ಆಮೇಲೆ ಸಿಟ್ಟು ಯಾರ ಮೇಲೆ ಎಂದು ನೋಡಿದರೆ ಅದೂ ತಿಳಿಯುವುದಿಲ್ಲ.

ನೀನು ಹೇಳಿದ್ದನ್ನು ಮೊದಲು ನಂಬಲಿಲ್ಲ. ಇದನ್ನೂ ಹೇಳಿಬಿಡುತ್ತೇನೆ. ಕುರುಡ ಮುದುಕನೊಬ್ಬ ತನಗೆ ಬೇಕಾದಂತೆ ನೆನಪಿಟ್ಟುಕೊಂಡಿದ್ದಾನೆ ಅಂದುಕೊಂಡೆ.

ಗುರುವಾರದೊಳಗೆ ಮನೆ ಬಿಡಬೇಕು. ನಿನ್ನೆ ಅಟ್ಟ ಖಾಲಿ ಮಾಡುವಾಗ ಪಾಟಕೆಟ್‌ನ ಕಾಲದ ಹತಾರದ ಪೆಟ್ಟಿಗೆ ಸಿಕ್ಕಿತು. ಅಲ್ಲಿಂದ ಬಂದ ಮೇಲೆ ಅದನ್ನು ತೆರೆದವನಲ್ಲ. ಉಳಿಗಳೆಲ್ಲ ತುಕ್ಕು. ತಳದಲ್ಲಿ ಒಂದು ಗೋಲು ಇತ್ತು. ಗಿರಣಿಯ ಗೋಲಿನ ಪಕ್ಕದಲ್ಲಿಟ್ಟು ನೋಡಿದೆ. ಅಡಿಗೆ ಅಂಗುಲದ ಎಂಟನೇ ಒಂದು ಪಾಲು ಹೆಚ್ಚು ಉದ್ದ.

ಇದರ ಜೊತೆ ಕಳಿಸುತ್ತಿದ್ದೇನೆ. ಮೊಳೆಗೆ ಹಾಕುವ ತೂತು ಹಾಗೇ ಇದೆ. ತೂತಿನ ಪಕ್ಕದಲ್ಲಿ ನಿನ್ನ ಹೆಸರಿನ ಎರಡು ಅಕ್ಷರಗಳನ್ನು ಕಾದ ಕಬ್ಬಿಣದಿಂದ ಸುಟ್ಟು ಬರೆದಿದೆ. ಆಳವಾಗಿವೆ. ಬೆರಳಿಟ್ಟರೆ ಸಿಗುತ್ತವೆ.

ಜೋಥಮ್